ಒಂದು ಪೈಪು, ಎರಡು ಮನೆ, ಎರಡು ನೀರಿನ ಬಿಲ್ಲು

ಮನೆಯ ಕೀಲಿ ಕೈಗೆ ಬಂದ ಹದಿನೈದನೇ ದಿನಕ್ಕೆ ಆ ಕಾಗದ ಬಂತು. ಲಕೋಟೆಯ ಮೇಲೆ ನಮ್ಮ ಹೆಸರಿರಲಿಲ್ಲ. ‘ಈ ಮನೆಯಲ್ಲಿ ವಾಸವಿರುವವರಿಗೆ’ ಎಂದಷ್ಟೇ ಇತ್ತು. ಹಳೆಯ ಮಾಲೀಕರಿಗೆ ಬಂದಿದ್ದಿರಬೇಕು ಅಂತ ನಮ್ಮವರು ಅದನ್ನು ಬಾಗಿಲ ಹತ್ತಿರದ ಸ್ಟ್ಯಾಂಡಿನ ಮೇಲೆ ಇಟ್ಟುಬಿಟ್ಟಿದ್ದರು. ಎರಡು ದಿನ ಬಿಟ್ಟು ನಾನು ಒಡೆದು ನೋಡಿದೆ. ನಮ್ಮ ಭಾಗಕ್ಕೆ ನೀರು ಕೊಡುವ, ಒಳಚರಂಡಿಯನ್ನೂ ನೋಡಿಕೊಳ್ಳುವ ಕಂಪನಿಯ ಕಾಗದ. ಈ ಮನೆಯಲ್ಲಿ ಯಾರೋ ಇದ್ದೀರಿ, ನೀರು ಬಳಸುತ್ತಿದ್ದೀರಿ, ನಿಮ್ಮ ಹೆಸರಿನಲ್ಲಿ ಖಾತೆ ಇಲ್ಲ, ಕೂಡಲೇ ತಿಳಿಸಿ ಎಂದು ಬರೆದಿತ್ತು.

ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಊರು ನಮ್ಮದು. 2023ರ ಶರತ್ಕಾಲದಲ್ಲಿ ಮನೆ ಕೊಂಡೆವು. 1930ರ ದಶಕದಲ್ಲಿ ಕಟ್ಟಿದ ಜೋಡಿಮನೆ, ಎರಡು ಮನೆಗೂ ನಡುಗೋಡೆ ಒಂದೇ. ಅಲ್ಲಿಯವರೆಗೆ ಬಾಡಿಗೆಯ ಫ್ಲ್ಯಾಟಿನಲ್ಲಿದ್ದೆವು, ನೀರಿನ ಹಣ ಬಾಡಿಗೆಯಲ್ಲೇ ಸೇರಿತ್ತು. ಹಾಗಾಗಿ ಕರೆಂಟು, ಗ್ಯಾಸು, ಸ್ಥಳೀಯ ಆಡಳಿತಕ್ಕೆ ಕಟ್ಟುವ ಕೌನ್ಸಿಲ್ ತೆರಿಗೆ, ಇಂಟರ್‌ನೆಟ್ಟು ಎಲ್ಲವನ್ನೂ ನೆನಪಿಟ್ಟು ನಮ್ಮ ಹೆಸರಿಗೆ ಮಾಡಿಸಿಕೊಂಡವರು ನೀರನ್ನು ಮರೆತೇಬಿಟ್ಟಿದ್ದೆವು. ನಾನು ಬೆಳೆದದ್ದು ದಾವಣಗೆರೆಯಲ್ಲಿ. ನಲ್ಲಿ ಬರುವ ದಿನ ಯಾವುದು, ಎಷ್ಟು ಹೊತ್ತಿಗೆ ಬಿಡುತ್ತಾರೆ ಅನ್ನುವುದರ ಮೇಲೆ ಅವ್ವನ ಇಡೀ ವಾರ ನಿಂತಿರುತ್ತಿತ್ತು. ಅಂಥ ಮನೆಯಿಂದ ಬಂದ ನಾನು ನೀರನ್ನೇ ಮರೆತದ್ದು ನೆನೆದಾಗ ಈಗಲೂ ಸಂಕಟವಾಗುತ್ತದೆ.

ನಮ್ಮವರು ಮೊದಲು ಮಾಡಿದ್ದು ಅಗ್ಗದ ನೀರಿನ ಕಂಪನಿ ಹುಡುಕುವ ಕೆಲಸ. ಕರೆಂಟಿಗೂ ಗ್ಯಾಸಿಗೂ ಇಲ್ಲಿ ಹಾಗೆ ಹುಡುಕಿ ಬದಲಾಯಿಸಬಹುದು. ನೀರಿಗೆ ಅದು ಸಾಧ್ಯವಿಲ್ಲ. 1974ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸನ್ನು ನದಿಪಾತ್ರಗಳ ಲೆಕ್ಕದಲ್ಲಿ ಹತ್ತು ಭಾಗ ಮಾಡಿ ಹತ್ತು ಪ್ರಾದೇಶಿಕ ಜಲ ಪ್ರಾಧಿಕಾರಗಳನ್ನು ಮಾಡಿದರು. 1989ರಲ್ಲಿ ಅವುಗಳನ್ನು ಖಾಸಗಿಗೆ ಕೊಟ್ಟರು. ನಿಮ್ಮ ಮನೆ ಯಾವ ಭಾಗದಲ್ಲಿದೆಯೋ ಆ ಕಂಪನಿಯೇ ನಿಮ್ಮ ಕಂಪನಿ. 2017ರ ಏಪ್ರಿಲ್‌ನಿಂದ ಇಂಗ್ಲೆಂಡಿನ ಅಂಗಡಿ, ಕಚೇರಿ, ಕಾರ್ಖಾನೆಗಳಿಗೆ ಬಿಲ್ಲು ಮಾಡುವವರನ್ನು ಆರಿಸಿಕೊಳ್ಳುವ ಅವಕಾಶ ಸಿಕ್ಕಿದೆ, ಮನೆಗಳಿಗೆ ಇಲ್ಲ. ಕೆಲವು ಊರುಗಳಲ್ಲಿ ನೀರು ಒಬ್ಬರದು, ಚರಂಡಿ ಇನ್ನೊಬ್ಬರದು. ಎಡಿನ್‌ಬರೋದಲ್ಲಿರುವ ನನ್ನ ಗೆಳತಿಗೆ ಇದ್ಯಾವುದೂ ಗೊತ್ತಿಲ್ಲ. ಸ್ಕಾಟ್ಲೆಂಡಿನಲ್ಲಿ ನೀರು ಸರ್ಕಾರಿ ಸಂಸ್ಥೆಯದು, ಹಣ ಕೌನ್ಸಿಲ್ ತೆರಿಗೆಯ ಜೊತೆಗೇ ಹೋಗುತ್ತದೆ.

ಫೋನು ಮಾಡಿದೆ. ಮನೆಗೆ ಬಂದ ತಾರೀಕು, ಹಿಂದಿನವರ ಹೆಸರು, ಎಷ್ಟು ಜನ, ಎಲ್ಲರ ಪೂರ್ತಿ ಹೆಸರು, ಮೀಟರಿನ ಸಂಖ್ಯೆ ಕೇಳಿದರು. ಮೀಟರು ಎಲ್ಲಿದೆಯೆಂದು ನಾನೇ ಕೇಳಿದೆ. ಆಕಡೆಯ ಹುಡುಗಿ ಒಂದು ಕ್ಷಣ ಹುಡುಕಿ, “ನಿಮ್ಮ ಮನೆಗೆ ಮೀಟರೇ ಇಲ್ಲ ಮೇಡಂ” ಅಂದಳು.

ಹತ್ತು ದಿನದಲ್ಲಿ ಮೊದಲ ಬಿಲ್ಲು ಬಂತು. ಮೀಟರಿಲ್ಲದ ಮನೆಗೆ ಬಿಲ್ಲು ಹೇಗೆ ಮಾಡುತ್ತಾರೆಂದು ತಿಳಿಯಲು ನನಗೆ ಒಂದು ಸಂಜೆಯೇ ಬೇಕಾಯಿತು. ಬಿಲ್ಲಿನಲ್ಲಿ ‘ರೇಟಬಲ್ ವ್ಯಾಲ್ಯೂ’ ಎಂದು ಒಂದು ಸಂಖ್ಯೆ ಇತ್ತು. ಒಂದು ಕಾಲಕ್ಕೆ ಇಲ್ಲಿ ಮನೆಗಳಿಗೆ ಸ್ಥಳೀಯ ಕಂದಾಯ ಹಾಕುತ್ತಿದ್ದದ್ದು ಆ ಮನೆ ವರ್ಷಕ್ಕೆ ಎಷ್ಟು ಬಾಡಿಗೆ ತರಬಹುದು ಎಂಬ ಅಂದಾಜಿನ ಮೇಲೆ. ಆ ಅಂದಾಜನ್ನು ಇಂಗ್ಲೆಂಡಿನಲ್ಲಿ ಕೊನೆಯ ಸಲ ಪರಿಷ್ಕರಿಸಿದ್ದು 1973ರಲ್ಲಿ. 1990ರಲ್ಲಿ ಆ ಕಂದಾಯವೇ ರದ್ದಾಯಿತು, ಪಟ್ಟಿ ಅಲ್ಲಿಗೇ ಮುಚ್ಚಿತು. ನೀರಿನ ಕಂಪನಿಗಳು ಮಾತ್ರ ಮೀಟರಿಲ್ಲದ ಮನೆಗಳಿಗೆ ಇವತ್ತಿಗೂ ಆ ಸಂಖ್ಯೆಯನ್ನೇ ಹಿಡಿದು ಗುಣಿಸುತ್ತವೆ. ನಾನು ಹುಟ್ಟುವ ಮೊದಲು ಯಾರೋ ಅಧಿಕಾರಿ ರಸ್ತೆಯಲ್ಲಿ ನಿಂತು, ಈ ಮನೆಗೆ ಇಷ್ಟು ಬಾಡಿಗೆ ಬಂದೀತು ಎಂದು ಬರೆದಿಟ್ಟದ್ದರ ಮೇಲೆ ನನ್ನ ಮಗಳ ಸ್ನಾನದ ನೀರಿಗೆ ಬೆಲೆ ಕಟ್ಟಲಾಗುತ್ತಿತ್ತು. ಮನೆಯಲ್ಲಿ ಒಬ್ಬರಿರಲಿ ಎಂಟು ಜನರಿರಲಿ, ಬಿಲ್ಲು ಒಂದೇ.

ನಾವು ಮೂವರು. ಮಲಗುವ ಕೋಣೆ ನಾಲ್ಕು, ಒಂದು ತೀರ ಚಿಕ್ಕದು. ಗ್ರಾಹಕರ ಪರವಾಗಿ ಕೆಲಸ ಮಾಡುವ ಸಿಸಿಡಬ್ಲ್ಯು ಎಂಬ ಸಂಸ್ಥೆ ಒಂದು ಸುಲಭದ ಲೆಕ್ಕ ಹೇಳುತ್ತದೆ: ಮನೆಯಲ್ಲಿ ಜನಕ್ಕಿಂತ ಕೋಣೆಗಳು ಹೆಚ್ಚಿದ್ದರೆ ಮೀಟರು ಹಾಕಿಸಿ ನೋಡಿ. ಮೀಟರು ಉಚಿತ. ಅರ್ಜಿ ಕೊಟ್ಟ ಮೂರು ತಿಂಗಳೊಳಗೆ ಹಾಕಬೇಕು. ಹಾಕಿಸಿಕೊಂಡ ಮೇಲೆ ಬಿಲ್ಲು ಜಾಸ್ತಿಯಾದರೆ ಎರಡು ವರ್ಷದೊಳಗೆ ಹಳೆಯ ಲೆಕ್ಕಕ್ಕೇ ವಾಪಸ್ ಹೋಗಬಹುದು. ಇಷ್ಟೆಲ್ಲ ಇದ್ದೂ ನನ್ನ ಮೊದಲ ಬಿಲ್ಲಿನ ಜೊತೆ ಬಂದ ನಾಲ್ಕು ಪುಟಗಳಲ್ಲಿ ಈ ಮಾತು ಕೊನೆಯ ಪುಟದ ಕೆಳಗಿತ್ತು. ಆವತ್ತೇ ಅರ್ಜಿ ಹಾಕಿದೆ.

ಜನವರಿಯ ಒಂದು ಬೆಳಿಗ್ಗೆ ಮೀಟರು ಹಾಕುವವರು ಬಂದರು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಮೊದಲು ಮನೆ ಮುಂದಿನ ಫುಟ್‌ಪಾತಿನಲ್ಲಿ ಅಂಗೈಗಿಂತ ತುಸು ದೊಡ್ಡದಾದ ಕಬ್ಬಿಣದ ಮುಚ್ಚಳ ಎತ್ತಿದರು. ಅದರೊಳಗೆ ಸ್ಟಾಪ್ ಟ್ಯಾಪ್, ಅಂದರೆ ಮನೆಗೆ ಬರುವ ನೀರನ್ನೇ ನಿಲ್ಲಿಸುವ ತಿರುಪು, ಇರುತ್ತದೆ. ಕಂಪನಿಯ ಪೈಪು ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಈಚೆಗೆ, ಅಂಗಳದ ಅಡಿಯಲ್ಲಿ ಹಾದು ಅಡುಗೆಮನೆಗೆ ಬರುವ ಪೈಪು ನಮ್ಮದು. ಒಡೆದರೆ ಅದರ ರಿಪೇರಿಯೂ ನಮ್ಮದೇ. ಮನೆ ಕೊಳ್ಳುವಾಗ ಈ ಗಡಿಯ ಮಾತು ನಮಗೆ ಯಾರೂ ಹೇಳಿರಲಿಲ್ಲ.

ಅವರು ಉದ್ದನೆಯ ಕೀಲಿ ಹಾಕಿ ತಿರುಗಿಸಿದರು. ನಮ್ಮ ಸಿಂಕಿನಲ್ಲಿ ನೀರು ಸಣ್ಣಗಾಗಿ ನಿಂತಿತು. ಎರಡೇ ನಿಮಿಷ, ಪಕ್ಕದ ಮನೆಯ ಬಾಗಿಲು ತೆರೆಯಿತು. ಎಪ್ಪತ್ತೆಂಟು ವರ್ಷದ ಅಜ್ಜಿ, ಡ್ರೆಸ್ಸಿಂಗ್ ಗೌನಿನಲ್ಲಿ, ಕೈಯಲ್ಲಿ ಖಾಲಿ ಕೆಟಲ್ ಹಿಡಿದುಕೊಂಡು, “ನನ್ನ ನಲ್ಲಿ ನಿಂತುಹೋಯ್ತಲ್ಲ!” ಅಂದರು.

ಆ ಮನುಷ್ಯ ಮುಚ್ಚಳದ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದವರು ಎದ್ದು ನಿಂತು ನಮ್ಮಿಬ್ಬರನ್ನೂ ನೋಡಿದರು. “ಒಂದೇ ಪೈಪು. ರಸ್ತೆಯಿಂದ ಒಂದೇ ಬಂದು ಒಳಗೆಲ್ಲೋ ಎರಡಾಗಿದೆ” ಅಂದರು. ಆ ಕಾಲದ ಮನೆಗಳಲ್ಲಿ ಇದು ಸಾಮಾನ್ಯವಂತೆ. ಎರಡು ಮನೆಗೋ ಒಂದು ಇಡೀ ಸಾಲಿಗೋ ಒಂದೇ ಪೈಪು ಹಾಕಿ ಹಿತ್ತಲಲ್ಲಿ ಕವಲು ಒಡೆಸಿರುತ್ತಾರೆ. ಹಾಗಿದ್ದಾಗ ಫುಟ್‌ಪಾತಿನಲ್ಲಿ ಮೀಟರು ಹಾಕಿದರೆ ಅದು ಎರಡೂ ಮನೆಯ ನೀರನ್ನು ಒಂದೇ ಲೆಕ್ಕಕ್ಕೆ ಸೇರಿಸುತ್ತದೆ. ಇನ್ನುಳಿದ ದಾರಿ, ಪೈಪು ಮನೆಯೊಳಗೆ ಬರುವ ಜಾಗದಲ್ಲಿ, ಸಿಂಕಿನ ಕೆಳಗೆ ಹಾಕುವುದು. ಮನೆಯ ಎಲ್ಲ ನೀರೂ ಆ ಒಂದೇ ಜಾಗದಿಂದ ಬರುತ್ತಿದ್ದರೆ ಮಾತ್ರ ಅದಾಗುತ್ತದೆ.

ಸಿಂಕಿನ ಕೆಳಗಿನ ನಮ್ಮ ಸ್ಟಾಪ್ ಟ್ಯಾಪ್ ತುಕ್ಕು ಹಿಡಿದು ಅಲುಗಾಡಲಿಲ್ಲ. ಎಷ್ಟು ವರ್ಷದಿಂದ ಮುಟ್ಟಿಲ್ಲವೋ. ಅವರು ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ, ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ ಬಿಡಿಸಿದರು. “ವರ್ಷಕ್ಕೆ ಎರಡು ಸಲ ಇದನ್ನು ತಿರುಗಿಸಿ. ಪೂರ್ತಿ ಬಿಚ್ಚಿದ ಮೇಲೆ ಕಾಲು ಸುತ್ತು ಹಿಂದಕ್ಕೆ ತನ್ನಿ, ಆಗ ಕಚ್ಚಿಕೊಳ್ಳುವುದಿಲ್ಲ. ಪೈಪು ಒಡೆದ ರಾತ್ರಿ ಇದು ತಿರುಗದೆ ಹೋದರೆ ಏನು ಮಾಡುತ್ತೀರಿ?” ಆ ಮಾತನ್ನು ನಾನು ವ್ರತದಂತೆ ಪಾಲಿಸುತ್ತಿದ್ದೇನೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ.

ನಮ್ಮ ಮನೆಗೆ ಮೀಟರು ಕೂತಿತು. ಅಜ್ಜಿ ತಮ್ಮ ಅಡುಗೆಮನೆಯನ್ನೂ ನೋಡಿ ಎಂದು ಕೇಳಿಕೊಂಡರು. ಅದು ಅವರ ಕೆಲಸದ ಚೀಟಿಯಲ್ಲಿರಲಿಲ್ಲ, ಆದರೂ ಹೋಗಿ ನೋಡಿದರು. ಅಲ್ಲಿ ಹಿಂದೆ ಯಾರೋ ಸ್ನಾನದ ಮನೆ ಹೊಸದಾಗಿ ಕಟ್ಟಿಸುವಾಗ ಇನ್ನೊಂದು ಪೈಪು ಬೇರೆ ಕಡೆಯಿಂದ ಎಳೆದಿದ್ದರು. ನೀರು ಎರಡು ಜಾಗದಿಂದ ಒಳಗೆ ಬರುತ್ತಿತ್ತು. “ನಿಮಗೆ ಮೀಟರು ಆಗುವುದಿಲ್ಲ. ಆದರೂ ಅರ್ಜಿ ಹಾಕಿ” ಅಂದರು ಆ ಮನುಷ್ಯ.

ಆಗದ ಮೀಟರಿಗೆ ಅರ್ಜಿ ಯಾಕೆ? ನಾನು ಈ ಇಡೀ ಕಥೆಯನ್ನು ಬರೆಯಲು ಕೂತದ್ದೇ ಆ ಒಂದು ಮಾತಿಗಾಗಿ. ಮೀಟರು ಕೇಳಿದ ಮನೆಗೆ ಅದನ್ನು ಕೂರಿಸಲು ಆಗದಿದ್ದರೆ ಕಂಪನಿ ‘ಅಸೆಸ್ಡ್ ಚಾರ್ಜ್’ ಎಂಬ ಬೇರೆ ಲೆಕ್ಕ ಕೊಡಬೇಕು. ಮೀಟರಿದ್ದಿದ್ದರೆ ಎಷ್ಟು ಬರುತ್ತಿತ್ತೋ ಅದಕ್ಕೆ ಹತ್ತಿರದ ಅಂದಾಜು ಅದು. ಕೆಲವು ಕಂಪನಿಗಳು ಕೋಣೆ ಎಣಿಸುತ್ತವೆ, ಕೆಲವು ಜನ ಎಣಿಸುತ್ತವೆ. ಒಂಟಿಯಾಗಿ ಇರುವವರಿಗೆ ಬೇರೆಯದೇ, ಎಲ್ಲಕ್ಕಿಂತ ಕಡಿಮೆಯ ದರ ಇರುತ್ತದೆ. ಆದರೆ ಅರ್ಜಿ ಹಾಕದೆ ಇದು ಸಿಗುವುದಿಲ್ಲ. ಮೀಟರು ಆಗುವುದಿಲ್ಲ ಎಂದು ಕಂಪನಿಯವರು ನೋಡಿ ಬರೆದ ಮೇಲೆ ಮಾತ್ರ ಆ ಬಾಗಿಲು ತೆರೆಯುತ್ತದೆ.

ಅಜ್ಜಿಯ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಬ್ಬರೂ ದೂರದಲ್ಲಿ. ಮೂರು ವರ್ಷದಿಂದ ಒಬ್ಬರೇ ಇದ್ದುಕೊಂಡು, ದಿನಕ್ಕೆ ನಾಲ್ಕು ಸಲ ಚಹಾ, ಎರಡು ದಿನಕ್ಕೊಂದು ಸ್ನಾನ, ವಾರಕ್ಕೊಂದು ಸಲ ಬಟ್ಟೆ ಒಗೆದುಕೊಂಡು, ಒಂದು ತುಂಬು ಸಂಸಾರದ ನೀರಿನ ಹಣ ಕಟ್ಟುತ್ತಿದ್ದರು. ಅವರ ಗಂಡ ಇದ್ದಾಗ ಬಿಲ್ಲು ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರಂತೆ. ಆಮೇಲೆ ಬಂದದ್ದನ್ನು ಬಂದ ಹಾಗೆ ಕಟ್ಟಿದ್ದಾರೆ. ಆ ಸಂಜೆ ಅವರ ಊಟದ ಮೇಜಿನ ಮೇಲೆ ಫೈಲು ಹರಡಿಕೊಂಡು ಕೂತೆವು. ಗಂಡನ ಅಕ್ಷರದಲ್ಲಿ ಪ್ರತಿ ಬಿಲ್ಲಿನ ಮೂಲೆಗೂ ತಾರೀಕು, ಚೆಕ್ಕಿನ ಸಂಖ್ಯೆ. ಮೂರು ವರ್ಷದ ಹಿಂದೆ ಆ ಅಕ್ಷರ ನಿಂತಿತ್ತು.

ಅರ್ಜಿ ನಾನೇ ತುಂಬಿದೆ, ಸಹಿ ಅವರದು. ಕಂಪನಿಯಿಂದ ಇನ್ನೊಬ್ಬರು ಬಂದು ನೋಡಿ, ಮೀಟರು ಆಗುವುದಿಲ್ಲವೆಂದು ಬರೆದುಕೊಂಡು ಹೋದರು. ಆರನೇ ವಾರಕ್ಕೆ ಹೊಸ ಬಿಲ್ಲು ಬಂತು. ಹಳೆಯದರ ಅರ್ಧದಷ್ಟೂ ಇರಲಿಲ್ಲ. ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು ಓದಿದರು. ಹಿಂದಿನ ಮೂರು ವರ್ಷದ್ದು ವಾಪಸ್ ಬರುತ್ತದೆಯೇ ಎಂದು ನಾನು ಫೋನಿನಲ್ಲಿ ಕೇಳಿದೆ. ಇಲ್ಲ, ಅರ್ಜಿಯ ದಿನದಿಂದ ಮಾತ್ರ ಅಂದರು. ಅಳದ ಮಗುವಿಗೆ ಹಾಲಿಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಒಬ್ಬರೇ ಇರುವ ಎಪ್ಪತ್ತೆಂಟರ ಮುದುಕಿ ತಾನಾಗಿ ಅತ್ತು ಕೇಳಲಿ ಎಂದು ಕಾಯುವುದು ಸರಿಯೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ.

ನಮ್ಮ ಮೀಟರಿನ ಕಥೆ ಬೇರೆ ದಾರಿ ಹಿಡಿಯಿತು. ಆರು ತಿಂಗಳ ಮೊದಲ ಮೀಟರು ಬಿಲ್ಲು ಹಳೆಯ ಲೆಕ್ಕಕ್ಕಿಂತ ಹೆಚ್ಚು ಬಂತು. ಕಂಪನಿ ಅದರ ಮೇಲೆ ನಮ್ಮ ಡೈರೆಕ್ಟ್ ಡೆಬಿಟ್ಟನ್ನೂ, ಅಂದರೆ ತಿಂಗಳು ತಿಂಗಳು ಬ್ಯಾಂಕಿನಿಂದ ತಾನಾಗಿ ಹೋಗುವ ಹಣವನ್ನೂ, ಏರಿಸಿತು. “ಮೊದಲಿನದೇ ಚೆನ್ನಾಗಿತ್ತು, ವಾಪಸ್ ಹೋಗೋಣ” ಅಂದರು ನಮ್ಮವರು. ನನಗೆ ಅನುಮಾನ. “ರೀ, ನಾವು ಅಷ್ಟು ನೀರು ಬಳಸೋದೇ ಇಲ್ಲ. ಬಟ್ಟೆ ವಾರಕ್ಕೆ ಮೂರು ಸಲ, ಬಾತ್‌ಟಬ್ ತುಂಬಿಸೋದು ಮಗಳಿಗೆ ಭಾನುವಾರ ಒಂದು ದಿನ. ಎಲ್ಲಿ ಹೋಗ್ತಿದೆ ಇದು?” ಅಂದೆ.

ಮೀಟರು ಓದುವುದು ಕಷ್ಟವಲ್ಲ. ಕಪ್ಪು ಅಂಕಿಗಳು ಘನ ಮೀಟರು, ಒಂದೊಂದಕ್ಕೂ ಸಾವಿರ ಲೀಟರು. ಬೆಂಗಳೂರಿನ ಬಿಲ್ಲಿನಲ್ಲಿ ಕಿಲೋಲೀಟರ್ ಅನ್ನುವುದೂ ಅದೇ. ಅದರ ಬಲಕ್ಕೆ ಇರುವ ಕೆಂಪು ಅಂಕಿಗಳು ಲೀಟರಿನವು, ಬಿಲ್ಲಿಗೆ ಅವು ಬೇಕಾಗುವುದಿಲ್ಲ. ಆದರೆ ಸೋರಿಕೆ ಹಿಡಿಯಲು ಬೇಕಾಗುವುದು ಆ ಕೆಂಪು ಅಂಕಿಗಳೇ. ಪಕ್ಕದಲ್ಲಿ ಒಂದು ಪುಟ್ಟ ಚಕ್ರವೂ ಇದೆ, ಒಂದು ಎಳೆಯಷ್ಟು ನೀರು ಹರಿದರೂ ಅದು ತಿರುಗುತ್ತದೆ.

ಒಂದು ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಸಿಂಕಿನ ಕೆಳಗೆ ಟಾರ್ಚು ಹಿಡಿದು ನೋಡಿದೆ. ಕೆಂಪು ಅಂಕಿಗಳಲ್ಲಿ 362 ಲೀಟರು. ಮನೆಯೆಲ್ಲ ನಿಶ್ಶಬ್ದ, ಒಂದು ನಲ್ಲಿಯೂ ತೊಟ್ಟಿಕ್ಕುತ್ತಿಲ್ಲ, ಚಕ್ರ ಮಾತ್ರ ನಿಧಾನಕ್ಕೆ ತಿರುಗುತ್ತಲೇ ಇತ್ತು. ಅದನ್ನು ನೋಡುತ್ತ ಕೂತವಳಿಗೆ ಮೈ ಜುಂ ಎಂದಿತು. ರಾತ್ರಿ ಯಾರೂ ಟಾಯ್ಲೆಟ್ಟಿನ ಫ್ಲಶ್ ಒತ್ತಬಾರದೆಂದು ಮೊದಲೇ ಹೇಳಿದ್ದೆ. ಬೆಳಿಗ್ಗೆ ಆರಕ್ಕೆ ನೋಡಿದರೆ 460. ಏಳು ಗಂಟೆಯಲ್ಲಿ 98 ಲೀಟರು. ಗಂಟೆಗೆ 14, ದಿನಕ್ಕೆ 336. ಇಂಗ್ಲೆಂಡಿನಲ್ಲಿ ಒಬ್ಬರು ದಿನಕ್ಕೆ ಬಳಸುವುದು ಸುಮಾರು 140 ಲೀಟರು ಎಂದು ಲೆಕ್ಕ. ಮೂವರ ಮನೆಯಲ್ಲಿ ಕಣ್ಣಿಗೆ ಕಾಣದ ಇನ್ನಿಬ್ಬರಿಗಿಂತ ಹೆಚ್ಚು ಜನ ನೀರು ಬಳಸುತ್ತಿದ್ದರು.

ಮೊದಲು ಒಳಗಿನ ಸ್ಟಾಪ್ ಟ್ಯಾಪ್ ಮುಚ್ಚಿದೆ. ಚಕ್ರ ನಿಂತಿತು. ಅಲ್ಲಿಗೆ ಸೋರುತ್ತಿರುವುದು ಆ ಟ್ಯಾಪಿನಿಂದ ಈಚೆಗೆ, ಮನೆಯೊಳಗೇ ಎಂದು ಖಾತ್ರಿಯಾಯಿತು. ಇಲ್ಲಿ ಸೋರಿಕೆಯೆಂದರೆ ಜನ ಮೊದಲು ಅನುಮಾನಿಸುವುದು ಟಾಯ್ಲೆಟ್ಟನ್ನು. ಬ್ರಿಟನ್ನಿನ ಹಳೆಯ ಫ್ಲಶ್ ಟ್ಯಾಂಕುಗಳಲ್ಲಿ ಸೈಫನ್ ಇರುತ್ತಿತ್ತು. ನೀರು ಒಂದು ಬಾಗಿದ ಕೊಳವೆಯನ್ನು ಹತ್ತಿ ಇಳಿಯಬೇಕು, ಯಾರಾದರೂ ಹಿಡಿಕೆ ಒತ್ತಿದರೆ ಮಾತ್ರ ಹತ್ತುತ್ತದೆ, ತಾನಾಗಿ ಸೋರುವುದಿಲ್ಲ. 2001ರಿಂದ ಇಲ್ಲಿಯೂ ಬೇರೆ ದೇಶಗಳಂತೆ ಅಡಿಯಲ್ಲಿ ರಬ್ಬರ್ ವಾಷರಿನ ಮೇಲೆ ಕೂರುವ ವಾಲ್ವುಗಳಿಗೆ ಅನುಮತಿ ಸಿಕ್ಕಿತು. ಎರಡು ಗುಂಡಿಯ ಫ್ಲಶ್ ಬಹುಪಾಲು ಇಂಥದೇ. ವಾಷರು ಸವೆದರೆ, ಅಥವಾ ಗಡಸು ನೀರಿನ ಸುಣ್ಣ ಅದರ ಅಂಚಿಗೆ ಕಟ್ಟಿದರೆ, ನೀರು ಬಟ್ಟಲಿನ ಹಿಂಬದಿಯಿಂದ ಸದ್ದಿಲ್ಲದೆ ಇಳಿಯುತ್ತಲೇ ಇರುತ್ತದೆ. ನೀರು ಉಳಿಸಲೆಂದು ಮಾಡಿದ ಗುಂಡಿಯಿಂದಲೇ ಇಷ್ಟು ನೀರು ಪೋಲಾಗುತ್ತದೆ ಎಂಬುದು ನನಗೆ ನೋವಿನ ವಿಷಯ. ಸೋರುವ ಒಂದು ಟಾಯ್ಲೆಟ್ಟು ದಿನಕ್ಕೆ 200ರಿಂದ 400 ಲೀಟರು ಕಳೆಯುತ್ತದೆಂದು ಇಲ್ಲಿನ ನೀರುಳಿತಾಯದವರು ಹೇಳುತ್ತಾರೆ. ನಮ್ಮದು ಸರಿಯಾಗಿ ಅದರ ನಡುವೆ ಇತ್ತು.

ಯಾವುದು ಎಂದು ತಿಳಿಯಲು ಟ್ಯಾಂಕಿಗೆ ಬಣ್ಣ ಹಾಕಿ ಎನ್ನುತ್ತಾರೆ. ಪಲ್ಯಕ್ಕೆ ಬೇಯಿಸಿದ ಬೀಟ್‌ರೂಟಿನ ನೀರು ಇತ್ತು, ಮಹಡಿಯ ಟ್ಯಾಂಕಿಗೆ ಒಂದು ಲೋಟ ಸುರಿದೆ. ಅರ್ಧ ಗಂಟೆಯಲ್ಲಿ ಬಟ್ಟಲಿನ ಹಿಂಬದಿಯಿಂದ ಗುಲಾಬಿ ಗೆರೆ ಇಳಿದಿತ್ತು. ಪ್ಲಂಬರು ಬಂದು ವಾಲ್ವು ಬದಲಾಯಿಸಿ ಹೋದರು, ಇಪ್ಪತ್ತು ನಿಮಿಷದ ಕೆಲಸ. ಆ ರಾತ್ರಿ ಚಕ್ರ ಅಲುಗಲಿಲ್ಲ.

ಹೋದ ನೀರಿನ ಹಣಕ್ಕೆ ರಿಯಾಯಿತಿ ಕೇಳಿದೆ. ನೆಲದಡಿಯ ಪೈಪು ಸೋರಿದ್ದರೆ, ಗೊತ್ತಾದ ಮೇಲೆ ಬೇಗ ರಿಪೇರಿ ಮಾಡಿಸಿದ್ದರೆ ಸಾಮಾನ್ಯವಾಗಿ ಮೊದಲ ಸಲಕ್ಕೆ ಬಿಡುತ್ತಾರೆ. ಟಾಯ್ಲೆಟ್ಟು, ನಲ್ಲಿ ಮುಂತಾದ ಒಳಗಿನ ಸೋರಿಕೆಗೆ ಇಲ್ಲ. ಇದು ನನಗೆ ನ್ಯಾಯವೆಂದೇ ತೋರಿತು. ಮೇಲಾಗಿ ಒಳಚರಂಡಿಯ ಹಣವನ್ನು ಬೇರೆ ಮೀಟರಿಂದ ಅಳೆಯುವುದಿಲ್ಲ, ಒಳಗೆ ಬಂದ ನೀರಿನ ಬಹುಪಾಲು ಚರಂಡಿಗೆ ಹೋಯಿತೆಂದೇ ಲೆಕ್ಕ ಹಿಡಿಯುತ್ತಾರೆ. ನಮ್ಮ ವಿಷಯದಲ್ಲಿ ಅದು ನಿಜವಾಗಿಯೂ ಅಲ್ಲಿಗೇ ಹೋಗಿತ್ತು.

ನ್ಯಾಯವೆನಿಸದೆ ಹೋದದ್ದು ಆಮೇಲಿನದು. ಸೋರಿಕೆ ನಿಂತ ಮೇಲೂ ಡೈರೆಕ್ಟ್ ಡೆಬಿಟ್ ಏರಿಸಿದ ಮೊತ್ತದಲ್ಲೇ ಹೋಗುತ್ತಿತ್ತು. ಆನ್‌ಲೈನ್ ಖಾತೆಯಲ್ಲಿ ನಾನು ಹೊಸ ರೀಡಿಂಗ್ ಹಾಕಿದರೆ ಅದು ಹಳೆಯ ಬಳಕೆಯ ಅಂದಾಜಿಗೆ ಹೊಂದುವುದಿಲ್ಲವೆಂದು ತಿರಸ್ಕರಿಸುತ್ತಿತ್ತು. ಫೋನಿನಲ್ಲಿ ಒಬ್ಬರು ಸರಿ ಅಂದರು, ಇನ್ನೊಬ್ಬರು ಮುಂದಿನ ಬಿಲ್ಲಿನವರೆಗೆ ಕಾಯಿರಿ ಅಂದರು. ಕೊನೆಗೆ ಬರೆದೆ. ಬರವಣಿಗೆಯಲ್ಲಿ ದೂರು ಕೊಟ್ಟರೆ ಹತ್ತು ಕೆಲಸದ ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು ಎಂಬ ನಿಯಮ ಇಲ್ಲಿದೆ. ಅಲ್ಲಿಯೂ ಬಗೆಹರಿಯದಿದ್ದರೆ ಸಿಸಿಡಬ್ಲ್ಯುಗೆ ಹೋಗಬಹುದು. ಪತ್ರದಲ್ಲಿ ನಾನು ಬೈಗುಳ ಬರೆಯಲಿಲ್ಲ. ಎಂಟು ವಾರದ ರೀಡಿಂಗು, ತಾರೀಕು ಸಮೇತ, ಪ್ರತಿಯೊಂದಕ್ಕೂ ಮೀಟರಿನ ಫೋಟೋ, ಪ್ಲಂಬರಿನ ರಸೀದಿ, ಅದರ ಕೆಳಗೆ ಎರಡು ಸಾಲು: ದಯವಿಟ್ಟು ಈ ಬಳಕೆಯ ಮೇಲೆ ತಿಂಗಳ ಹಣ ಮತ್ತೆ ಲೆಕ್ಕ ಹಾಕಿ. ಹತ್ತನೇ ದಿನ ಉತ್ತರ ಬಂತು. ತಿಂಗಳ ಹಣ ಇಳಿಯಿತು, ಹೆಚ್ಚಿಗೆ ಕಟ್ಟಿದ್ದು ಬ್ಯಾಂಕಿಗೆ ವಾಪಸ್ ಬಂತು. ಬಿಲ್ಲಿನಲ್ಲಿ ರೀಡಿಂಗಿನ ಪಕ್ಕ ‘ಅಂದಾಜು’ ಎಂದಿದೆಯೋ ‘ಗ್ರಾಹಕರು ಕೊಟ್ಟದ್ದು’ ಎಂದಿದೆಯೋ ಎಂಬುದನ್ನು ಅಂದಿನಿಂದ ಮೊತ್ತಕ್ಕಿಂತ ಮೊದಲು ನೋಡುತ್ತೇನೆ.

ನಡುವೆ ಚರಂಡಿ ಒಮ್ಮೆ ಕಟ್ಟಿಕೊಂಡಿತು. ದೀಪಾವಳಿಯ ಮಾರನೇ ವಾರ, ಅಜ್ಜಿಯ ಹಿತ್ತಲಿನ ಚೇಂಬರು, ಅಂದರೆ ಚರಂಡಿಯ ಮುಚ್ಚಳದ ಗುಂಡಿ, ತುಂಬಿ ಅಂಚಿನಿಂದ ಉಕ್ಕಿತು. ನಮ್ಮ ಮನೆಯ ಕೊಳಕೂ ಅದರ ಮೂಲಕವೇ ಹೋಗುತ್ತದೆ. 2011ರ ಅಕ್ಟೋಬರ್ 1ರಿಂದ, ಒಂದಕ್ಕಿಂತ ಹೆಚ್ಚು ಮನೆ ಸೇರುವ ಇಂಥ ಖಾಸಗಿ ಚರಂಡಿಗಳೆಲ್ಲ ಕಂಪನಿಗಳ ಹೊಣೆಗೆ ಸೇರಿವೆ. ಫೋನು ಮಾಡಿದ ದಿನವೇ ಬಂದು ತೆರವು ಮಾಡಿದರು, ಒಂದು ಪೆನ್ನಿ ಕೇಳಲಿಲ್ಲ. ಹೊರಬಂದದ್ದು ಬೆಳ್ಳಗೆ ಗಟ್ಟಿಯಾದ ಕೊಬ್ಬು. ಚಕ್ಕುಲಿ ಕಜ್ಜಾಯ ಕರಿದ ಎಣ್ಣೆಯನ್ನು ಬಿಸಿನೀರಿನ ಜೊತೆ ಸಿಂಕಿಗೆ ಬಿಟ್ಟವಳು ನಾನೇ. ಊರಿನ ಸೆಕೆಯಲ್ಲಿ ಹರಿಯುವ ಎಣ್ಣೆ ಇಲ್ಲಿನ ಚಳಿಯ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿ 250 ಮೀಟರು ಉದ್ದದ, 130 ಟನ್ನು ತೂಕದ ಕೊಬ್ಬಿನ ಗುಡ್ಡೆ ಸಿಕ್ಕಿತ್ತು. ಅಜ್ಜಿಗೆ ಹೇಳಿ ಕ್ಷಮೆ ಕೇಳಿದೆ. ಈಗ ಕರಿದ ಎಣ್ಣೆ ಆರಿದ ಮೇಲೆ ಹಾಲಿನ ಡಬ್ಬಿಗೆ ಹೋಗುತ್ತದೆ, ಬಾಣಲೆಯನ್ನು ಕಾಗದದಿಂದ ಒರೆಸಿದ ಮೇಲೆಯೇ ತೊಳೆಯುವುದು.

2025ರ ಏಪ್ರಿಲ್‌ನಲ್ಲಿ ದರ ಏರಿತು. ಇಂಗ್ಲೆಂಡ್ ಮತ್ತು ವೇಲ್ಸಿನ ಸರಾಸರಿ ಬಿಲ್ಲು ಒಂದೇ ಸಲಕ್ಕೆ 123 ಪೌಂಡ್ ಹೆಚ್ಚಿ ವರ್ಷಕ್ಕೆ 603 ಪೌಂಡ್ ಆಯಿತು. ಆಗ ನಾನು ಬಿಲ್ಲಿನ ಒಂದೊಂದು ಸಾಲನ್ನೂ ಮತ್ತೆ ಓದಿದೆ. ‘ಮೇಲ್ಮೈ ನೀರಿನ ಚರಂಡಿ’ ಎಂದು ಒಂದು ಸಾಲಿತ್ತು. ನಮ್ಮ ಛಾವಣಿಯ ಮೇಲೆ ಬಿದ್ದ ಮಳೆ ಅವರ ಚರಂಡಿಗೆ ಹೋಗುತ್ತದೆ, ಅದಕ್ಕೆ ಹಣ. ಬೆಂಗಳೂರಿನಲ್ಲಿ 2009ರ ಕಾಯ್ದೆಯ ನಂತರ ದೊಡ್ಡ ನಿವೇಶನದವರೆಲ್ಲ ಮಳೆನೀರು ಹಿಡಿಯಲೇಬೇಕು. ನಮ್ಮಣ್ಣ ಅದಕ್ಕಾಗಿ ಅಂಗಳದಲ್ಲಿ ಇಂಗುಗುಂಡಿ ತೆಗೆಸಿದ್ದು ನೆನಪಾಯಿತು. ಇಲ್ಲಿಯೂ ಹಳೆಯ ಮನೆಗಳಲ್ಲಿ ಅಂಥ ಗುಂಡಿಗಳಿರುತ್ತವೆ. ಮಳೆ ಚರಂಡಿಗೆ ಹೋಗದೆ ನೆಲಕ್ಕೆ ಇಂಗುತ್ತದೆಂದು ತೋರಿಸಿದರೆ ಆ ಹಣ ಬಿಡುತ್ತಾರೆ.

ಒಂದು ಶನಿವಾರ ನಮ್ಮವರು ಹಿತ್ತಲಿನ ಚೇಂಬರಿನ ಮುಚ್ಚಳ ಎತ್ತಿ ಹಿಡಿದು ನಿಂತರು. ನಾನು ಛಾವಣಿಯ ನೀರಿಳಿಯುವ ಪೈಪುಗಳಿಗೆ ಒಂದಾದ ಮೇಲೊಂದರಂತೆ ಹೋಸು ಬಿಟ್ಟೆ. ಮಗಳ ಕೆಲಸ ಕೂಗಿ ಕೇಳುವುದು: “ಬಂತಾ ಅಪ್ಪಾ?” “ಇಲ್ಲ ಕಣೇ.” ನಾಲ್ಕು ಪೈಪಿನಲ್ಲಿ ಒಂದರ ನೀರೂ ಚೇಂಬರಿಗೆ ಬರಲಿಲ್ಲ. ಎಲ್ಲವೂ ತೋಟದ ಕಡೆಗೆ ನೆಲದಡಿ ಮಾಯವಾಗುತ್ತಿದ್ದವು. ಮನೆಯ ನಕ್ಷೆ ಕೈಯಲ್ಲೇ ಬರೆದು, ಪೈಪುಗಳನ್ನು ಬಾಣದ ಗುರುತಿನಲ್ಲಿ ತೋರಿಸಿ, ಫೋಟೋ ಜೊತೆ ಕಳಿಸಿದೆ. ಒಬ್ಬರು ಬಂದು ಪರೀಕ್ಷಿಸಿ ಒಪ್ಪಿದರು. ಆ ಸಾಲು ಬಿಲ್ಲಿನಿಂದ ಹೋಯಿತು, ಆ ಏಪ್ರಿಲ್‌ನಿಂದ ಲೆಕ್ಕ ಹಿಡಿದು. ಮಾರನೇ ದಿನ ಅಜ್ಜಿಯ ಮನೆಗೂ ಹೋಸು ತೆಗೆದುಕೊಂಡು ಹೋದೆವು. ಅವರದರಲ್ಲಿ ಮುಂದಿನ ಎರಡು ಪೈಪು ಚರಂಡಿಗೇ ಸೇರಿದ್ದವು, ಆದ್ದರಿಂದ ಅವರಿಗೆ ಪೂರ್ತಿ ರಿಯಾಯಿತಿ ಸಿಗಲಿಲ್ಲ.

ಹೋದ ತಿಂಗಳು ಅಜ್ಜಿ ನಡುಗೋಡೆ ತಟ್ಟಿದರು. ಅದು ನಮ್ಮಿಬ್ಬರ ಕರೆಗಂಟೆ. ಹೋದೆ. ಮೊಮ್ಮಗನಿಗೆ ಈ ಊರಿನಲ್ಲೇ ಕೆಲಸ ಸಿಕ್ಕಿದೆ, ಇನ್ನು ಮೇಲೆ ಅವನೂ ಇಲ್ಲೇ ಇರುತ್ತಾನಂತೆ. ಮುಖ ಬೆಳಗಿತ್ತು. ಮೇಜಿನ ಮೇಲೆ ಅದೇ ಫೈಲು ತೆರೆದಿತ್ತು, ಒಂಟಿಯಾಗಿರುವವರ ದರ ಎಂದು ಬರೆದಿದ್ದ ಬಿಲ್ಲಿನ ಮೂಲೆಯಲ್ಲಿ ಈಗ ಅವರದೇ ಅಕ್ಷರದಲ್ಲಿ ತಾರೀಕು.

“ಇನ್ನು ನಾನು ಒಬ್ಬಳೇ ಅಲ್ಲವಲ್ಲ. ಅವರಿಗೆ ಹೇಳಬೇಕು ಅಲ್ಲವಾ?” ಅಂದರು.

“ಹೌದು, ಹೇಳಬೇಕು. ಬಿಲ್ಲು ಸ್ವಲ್ಪ ಹೆಚ್ಚಾಗಬಹುದು” ಅಂದೆ.

“ಆಗಲಿ ಬಿಡು” ಅಂದು ಅವರೇ ಫೋನು ಎತ್ತಿಕೊಂಡರು. ಖಾತೆಯ ಸಂಖ್ಯೆಯನ್ನು ನಾನು ಓದಿದೆ, ಅವರು ಒಂದೊಂದೇ ಅಂಕಿ ಒತ್ತಿದರು. ಆಕಡೆ ಸಂಗೀತ ಶುರುವಾಯಿತು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಕೆಟಲ್ ತುಂಬಿಸಲು ಎದ್ದರು.